ಶುಚಿ ಬೇರೆ, ರುಚಿ ಬೇರೆ ಎಂದು ಹುಡುಕಬೇಡಿ

ಪ್ರಶ್ನೆ: ಕೆಲಸದ ನಿಮಿತ್ತ ನಾಲ್ಕು ತಿಂಗಳ ಹಿಂದೆ ಹೊಸ ನಗರಕ್ಕೆ ಬಂದಿದ್ದೇನೆ. ಬೀದಿ ಬದಿಯ ತಿಂಡಿ ಎಂದರೆ ನನಗೆ ಪ್ರಾಣ. ಆದರೆ ಇಲ್ಲಿ ಯಾವ ಗಾಡಿ ಒಳ್ಳೆಯದು ಎಂದು ಗೊತ್ತಾಗುತ್ತಿಲ್ಲ. ಮೊಬೈಲಿನಲ್ಲಿ ಹೆಚ್ಚು ಸ್ಟಾರ್ ಪಡೆದ ಎರಡು ಕಡೆ ತಿಂದೆ. ಒಂದು ಕಡೆ ನಿರಾಸೆಯಾಯಿತು, ಇನ್ನೊಂದು ಕಡೆ ತಿಂದ ರಾತ್ರಿಯೇ ಹೊಟ್ಟೆ ಕೆಟ್ಟಿತು. ಹೆಸರು ಕೇಳಿದ್ದ ಒಂದು ಫುಡ್ ಟ್ರಕ್ ಹುಡುಕಿಕೊಂಡು ಹೋದರೆ ಅಲ್ಲಿ ಬರೀ ಖಾಲಿ ಜಾಗ. ಮುಂದಿನ ತಿಂಗಳು ಅಮ್ಮ ಬರುತ್ತಾರೆ, ಅವರಿಗೆ 68 ವರ್ಷ. ಅವರನ್ನೂ ಕರೆದುಕೊಂಡು ಹೋಗಬೇಕೆಂಬ ಆಸೆಯಿದೆ. ರುಚಿಯೂ ಇದ್ದು ಹೊಟ್ಟೆಗೂ ಆಗಿಬರುವ ಜಾಗವನ್ನು ಗುರುತಿಸುವುದು ಹೇಗೆ?

ಉತ್ತರ: ನಿಮ್ಮ ಕೊನೆಯ ವಾಕ್ಯದಿಂದಲೇ ಶುರು ಮಾಡುತ್ತೇನೆ. ರುಚಿ ಮತ್ತು ಶುಚಿ ಎರಡನ್ನೂ ಬೇರೆ ಬೇರೆ ಎಂದುಕೊಂಡೇ ಹೆಚ್ಚಿನವರು ಹುಡುಕುತ್ತಾರೆ. ರುಚಿ ಬೇಕಾದರೆ ಶುಚಿಯ ಬಗ್ಗೆ ಸ್ವಲ್ಪ ಕಣ್ಣು ಮುಚ್ಚಿಕೊಳ್ಳಬೇಕು, ಶುಚಿಯೇ ಮುಖ್ಯವಾದರೆ ಸಪ್ಪೆ ತಿನ್ನಬೇಕು ಎಂಬ ನಂಬಿಕೆ ಜನರಲ್ಲಿದೆ. ಬೀದಿ ಬದಿಯ ವ್ಯಾಪಾರಿಗಳಿಗೆ ಆಹಾರ ಸುರಕ್ಷತೆಯ ತರಬೇತಿ ಕೊಡುವುದು ನನ್ನ ಕೆಲಸ. ಇಪ್ಪತ್ತೆರಡು ವರ್ಷಗಳಿಂದ ಗಾಡಿಗಳ ಪಕ್ಕದಲ್ಲಿ ನಿಂತು ನೋಡುತ್ತಿದ್ದೇನೆ, ತಿನ್ನುತ್ತಿದ್ದೇನೆ. ಇಷ್ಟು ವರ್ಷಗಳಲ್ಲಿ ನನಗೆ ಖಚಿತವಾಗಿರುವುದು ಒಂದೇ ಸಂಗತಿ: ರುಚಿಗೂ ಶುಚಿಗೂ ಬೇರು ಒಂದೇ. ಒಲೆಯಿಂದ ಇಳಿದ ತಿಂಡಿ ನಿಮ್ಮ ತಟ್ಟೆಗೆ ಬರಲು ಎಷ್ಟು ಹೊತ್ತು ಹಿಡಿಯುತ್ತದೆ ಎಂಬುದರ ಮೇಲೆ ಎರಡೂ ನಿಂತಿವೆ. ಬಾಣಲೆಯಿಂದ ಆಗತಾನೆ ಎತ್ತಿದ್ದು ಗರಿಗರಿಯಾಗಿರುತ್ತದೆ, ಘಮಘಮಿಸುತ್ತದೆ. ರೋಗಾಣುಗಳಿಗೂ ಅದರಲ್ಲಿ ಬೆಳೆಯಲು ಪುರುಸೊತ್ತು ಸಿಕ್ಕಿರುವುದಿಲ್ಲ. ಎರಡು ಗಂಟೆಯಿಂದ ತಟ್ಟೆಯಲ್ಲಿ ಕೂತಿರುವ ತಿಂಡಿ ಮೆತ್ತಗಾಗಿರುತ್ತದೆ, ಅಪಾಯಕಾರಿಯೂ ಆಗಿರಬಹುದು. ನೀವು ತಿಂಡಿಗಾಗಿ ಕಾಯಬೇಕೇ ಹೊರತು ತಿಂಡಿ ನಿಮಗಾಗಿ ಕಾದು ಕೂತಿರಬಾರದು.

ಇದರ ಹಿಂದಿನ ಲೆಕ್ಕ ಸರಳವಾಗಿದೆ. ಆಹಾರವನ್ನು ಕೆಡಿಸುವ ಬಹುಪಾಲು ಬ್ಯಾಕ್ಟೀರಿಯಾಗಳು 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ಚೆನ್ನಾಗಿ ಬೆಳೆಯುತ್ತವೆ. ವಿಶ್ವ ಆರೋಗ್ಯ ಸಂಸ್ಥೆ 2001ರಲ್ಲಿ ಸುರಕ್ಷಿತ ಆಹಾರಕ್ಕೆ ಐದು ಸೂತ್ರಗಳನ್ನು ಹೇಳಿತು. ಸ್ವಚ್ಛತೆ ಕಾಪಾಡಿ, ಹಸಿಯದನ್ನೂ ಬೆಂದದ್ದನ್ನೂ ಬೇರೆ ಇಡಿ, ಚೆನ್ನಾಗಿ ಬೇಯಿಸಿ, ಸರಿಯಾದ ಉಷ್ಣತೆಯಲ್ಲಿ ಇಡಿ, ಶುದ್ಧ ನೀರು ಮತ್ತು ಒಳ್ಳೆಯ ಸಾಮಗ್ರಿ ಬಳಸಿ ಎಂಬುವೇ ಆ ಐದು. ಬೇಯಿಸುವಾಗ ಆಹಾರದ ಒಳಗಿನವರೆಗೂ 70 ಡಿಗ್ರಿ ಮುಟ್ಟಬೇಕು, ಬಡಿಸುವವರೆಗೆ 60 ಡಿಗ್ರಿಗಿಂತ ಬಿಸಿಯಾಗಿಯೇ ಇರಬೇಕು, ಬೆಂದದ್ದನ್ನು ಎರಡು ಗಂಟೆಗಿಂತ ಹೆಚ್ಚು ಹೊತ್ತು ಹೊರಗಿನ ತಾಪಮಾನದಲ್ಲಿ ಇಡಬಾರದು ಎಂದು ಅದರಲ್ಲಿದೆ. ಥರ್ಮಾಮೀಟರ್ ಹಿಡಿದುಕೊಂಡು ಯಾರೂ ಗಾಡಿಯ ಬಳಿಗೆ ಹೋಗುವುದಿಲ್ಲ, ಹೋಗಬೇಕಾಗಿಯೂ ಇಲ್ಲ. ಮುಚ್ಚಳ ತೆಗೆದಾಗ ಮುಖಕ್ಕೆ ರಪ್ಪನೆ ಹಬೆ ಬಡಿಯುತ್ತದೆಯೇ ನೋಡಿ. ಬಡಿದರೆ ಒಳ್ಳೆಯದು. ಪಾತ್ರೆಯ ಮೇಲೆ ಕೆನೆಗಟ್ಟಿದ್ದರೆ, ಸೌಟು ಹಾಕಿದಾಗ ಮಾತ್ರ ಅಡಿಯಿಂದ ಸ್ವಲ್ಪ ಹಬೆ ಎದ್ದರೆ, ಅದು ಉಗುರುಬೆಚ್ಚಗಿನ ಸ್ಥಿತಿ. ನನ್ನ ಅನುಭವದಲ್ಲಿ ಪೂರ್ತಿ ತಣ್ಣಗಾದದ್ದನ್ನು ಕಂಡರೆ ಜನ ತಾವಾಗಿಯೇ ಬೇಡ ಎನ್ನುತ್ತಾರೆ. ಉಗುರುಬೆಚ್ಚಗಿರುವುದನ್ನು ಬಿಸಿಯೆಂದು ನಂಬಿ ತಿನ್ನುತ್ತಾರೆ.

ಮತ್ತೆ ಬಿಸಿ ಮಾಡಿದರೆ ಎಲ್ಲ ಸರಿಹೋಗುತ್ತದೆ ಎಂಬ ಧೈರ್ಯವನ್ನೂ ಬಿಡಿ. ಅನ್ನದ ಉದಾಹರಣೆ ಕೊಡುತ್ತೇನೆ. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಾಣುಗಳು ಇರಬಹುದು. ಅನ್ನ ಬೆಂದರೂ ಅವು ಸಾಯುವುದಿಲ್ಲ. ಬೆಳಿಗ್ಗೆ ಮಾಡಿದ ಅನ್ನವನ್ನು ಹರಡದೆ, ತಣ್ಣಗಿನ ಜಾಗದಲ್ಲಿಡದೆ ದೊಡ್ಡ ಪಾತ್ರೆಯಲ್ಲೇ ಸಂಜೆಯವರೆಗೆ ಬಿಟ್ಟರೆ ಬೀಜಾಣುಗಳು ಮೊಳೆತು, ಬೆಳೆದು, ವಾಂತಿ ತರಿಸುವ ವಿಷವನ್ನು ಬಿಡುಗಡೆ ಮಾಡುತ್ತವೆ. ಆಮೇಲೆ ಎಷ್ಟೇ ದೊಡ್ಡ ಉರಿಯಲ್ಲಿ ಹುರಿದರೂ ಆ ವಿಷ ಹೋಗುವುದಿಲ್ಲ. ಕಣ್ಣೆದುರಿಗೇ ಬೆಂಕಿಯ ಜ್ವಾಲೆ ಎಬ್ಬಿಸಿ ಹುರಿದು ಕೊಟ್ಟದ್ದರಿಂದಲೂ ಹೊಟ್ಟೆ ಕೆಡುವುದು ಹೀಗೆ. ಆದ್ದರಿಂದ ಅನ್ನದ ಗಾಡಿಯ ಮುಂದೆ ನಿಂತಾಗ ಉರಿಯನ್ನು ನೋಡುವುದಕ್ಕಿಂತ ‘ಅನ್ನ ಯಾವಾಗ ಮಾಡಿದ್ದು?’ ಎಂದು ಕೇಳುವುದು ಮೇಲು. ಈಗಷ್ಟೇ ಬಸಿದದ್ದು ಎಂದು ಪಾತ್ರೆ ತೆರೆದು ತೋರಿಸುವವನ ಬಳಿ ನಿಶ್ಚಿಂತೆಯಿಂದ ತಿನ್ನಿ.

ಇನ್ನು ಎಲ್ಲಿ ಹುಡುಕಬೇಕು ಎಂಬ ವಿಷಯ. ಸುತ್ತಾಡಲು ಬಂದವರು ತಿನ್ನುವ ಜಾಗ ಮತ್ತು ಕೆಲಸಕ್ಕೆ ಬಂದವರು ತಿನ್ನುವ ಜಾಗ, ಇವೆರಡರ ನಡುವಿನ ಅಂತರವನ್ನು ಮೊದಲು ಗಮನಿಸಿ. ಪ್ರವಾಸಿ ತಾಣದ ಎದುರಿನ ಗಾಡಿಗೆ ಇಂದು ಬಂದ ಗಿರಾಕಿ ನಾಳೆ ಬರುವುದಿಲ್ಲ. ಚೆನ್ನಾಗಿ ಕೊಟ್ಟರೂ ಬರುವುದಿಲ್ಲ, ಕೆಟ್ಟದಾಗಿ ಕೊಟ್ಟರೂ ಬರುವುದಿಲ್ಲ. ಹೇಗೂ ಬೇರೆಯವರು ಬರುತ್ತಾರೆ. ಆಸ್ಪತ್ರೆಯ ಹಿಂಬಾಗಿಲು, ನ್ಯಾಯಾಲಯದ ಬೀದಿ, ಕಾರ್ಖಾನೆಯ ಗೇಟು, ಸಗಟು ಮಾರುಕಟ್ಟೆ, ಬಸ್ ಡಿಪೋ, ಕಾಲೇಜಿನ ಪಕ್ಕದ ಓಣಿ ಇಂಥ ಕಡೆ ಹಾಗಲ್ಲ. ದಿನವೂ ಅದೇ ಮುಖಗಳು ಬರುತ್ತವೆ. ಒಂದು ದಿನ ಉಪ್ಪು ಜಾಸ್ತಿಯಾದರೆ ಮರುದಿನ ಅದೇ ಜನ ಎದುರಿಗೇ ಹೇಳುತ್ತಾರೆ. ಇಬ್ಬರಿಗೆ ಹೊಟ್ಟೆ ಕೆಟ್ಟರೆ ಇಡೀ ವಿಭಾಗಕ್ಕೆ ಸುದ್ದಿ ಮುಟ್ಟುತ್ತದೆ, ವಾರದೊಳಗೆ ವ್ಯಾಪಾರ ನೆಲಕಚ್ಚುತ್ತದೆ. ಖಾಯಂ ಗಿರಾಕಿಗಳ ಕಣ್ಣಿನಷ್ಟು ಕಟ್ಟುನಿಟ್ಟಾದ ತಪಾಸಣೆ ಯಾವ ಇಲಾಖೆಯಿಂದಲೂ ಸಾಧ್ಯವಿಲ್ಲ. ರೈಲು ನಿಲ್ದಾಣದ ಮುಂದೆ ಒಳ್ಳೆಯ ತಿಂಡಿ ಸಿಗುವುದೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಅಲ್ಲಿಯೂ ಕೂಲಿಯವರು, ಚಾಲಕರು ನಿಂತು ತಿನ್ನುವ ಗಾಡಿಯೊಂದು ಸಾಮಾನ್ಯವಾಗಿ ಇದ್ದೇ ಇರುತ್ತದೆ, ಸ್ವಲ್ಪ ಒಳಗೆ, ದೀಪದಲಂಕಾರವಿಲ್ಲದ ಕಡೆ.

ಹೊತ್ತನ್ನೂ ನೋಡಿಕೊಂಡು ಹೋಗಿ. ಜನ ಮುಗಿಬೀಳುವ ಸಮಯಕ್ಕೆ ಕಾಲು ಗಂಟೆ ಮೊದಲು ಹೋಗುವುದು ನನ್ನ ಅಭ್ಯಾಸ. ಆಗ ಎಣ್ಣೆ ಹೊಸದಾಗಿ ಕಾದಿರುತ್ತದೆ, ತೊಳೆಯುವ ನೀರು ತಿಳಿಯಾಗಿರುತ್ತದೆ, ಮಾಡುವವರಿಗೂ ನಿಮ್ಮೊಂದಿಗೆ ಎರಡು ಮಾತಾಡಲು ಬಿಡುವಿರುತ್ತದೆ. ಗಾಡಿ ಎತ್ತುವ ಹೊತ್ತಿಗೆ ಹೋಗಬೇಡಿ. ಉಳಿದದ್ದನ್ನು ಖಾಲಿ ಮಾಡುವ ಆತುರ ಅದು. ಪ್ರಾಮಾಣಿಕ ವ್ಯಾಪಾರಿಗೂ ಆ ಹೊತ್ತಿನಲ್ಲಿ ಒಳ್ಳೆಯದನ್ನು ಕೊಡುವುದು ಕಷ್ಟ.

ಸಾಲು ಉದ್ದವಿದ್ದರೆ ತಿಂಡಿ ಚೆನ್ನಾಗಿರುತ್ತದೆ ಎನ್ನುವ ಮಾತನ್ನು ನೀವೂ ಕೇಳಿರುತ್ತೀರಿ. ಅರ್ಧ ಮಾತ್ರ ನಿಜ. ಕೈ ನಿಧಾನವಾದ ಕಡೆಯೂ ಸಾಲು ಉದ್ದವಿರುತ್ತದೆ, ಹಿಂದಿನ ವಾರ ಯಾರೋ ವಿಡಿಯೊ ಹಾಕಿದ ಕಡೆಯೂ ಉದ್ದವಿರುತ್ತದೆ. ಸಾಲಿನ ಉದ್ದಕ್ಕಿಂತ ಅದು ಸರಿಯುವ ವೇಗವನ್ನು ನೋಡಿ. ಅದರಲ್ಲಿ ಯಾರು ನಿಂತಿದ್ದಾರೆ ಎಂಬುದನ್ನು ಇನ್ನೂ ಸೂಕ್ಷ್ಮವಾಗಿ ನೋಡಿ. ಕೆಲಸದ ಸಮವಸ್ತ್ರದಲ್ಲಿರುವವರು, ಮಕ್ಕಳ ಕೈ ಹಿಡಿದು ಬಂದವರು, ವಯಸ್ಸಾದವರು ಇದ್ದರೆ ಒಳ್ಳೆಯ ಸೂಚನೆ. ಅದಕ್ಕಿಂತ ದೊಡ್ಡ ಸೂಚನೆ ಇನ್ನೊಂದಿದೆ. ಗಿರಾಕಿ ಬಾಯಿ ಬಿಡುವ ಮೊದಲೇ, ಮುಖ ನೋಡುತ್ತಲೇ, ಮಾಡುವವರ ಕೈ ಕೆಲಸ ಶುರು ಮಾಡಿಬಿಟ್ಟರೆ ನೀವು ಸರಿಯಾದ ಜಾಗಕ್ಕೆ ಬಂದಿದ್ದೀರಿ ಎಂದೇ ಅರ್ಥ. ‘ಎಂದಿನ ಹಾಗೆ’ ಎಂಬ ಮಾತು ಹತ್ತು ನಿಮಿಷದಲ್ಲಿ ಎರಡು ಸಲ ಕಿವಿಗೆ ಬಿದ್ದರೆ ನಾನು ಮತ್ತೇನನ್ನೂ ವಿಚಾರಿಸದೆ ಸಾಲಿನಲ್ಲಿ ನಿಂತುಬಿಡುತ್ತೇನೆ.

ನನಗೆ ಪಾಠ ಕಲಿಸಿದ ಒಂದು ಗಾಡಿಯ ಬಗ್ಗೆ ಹೇಳಲೇಬೇಕು. ತರಬೇತಿಗೆ ಹೆಸರು ಕೊಟ್ಟಿದ್ದ ಅರವತ್ತರ ಹತ್ತಿರದ ಮಹಿಳೆಯೊಬ್ಬರು ಕರಿದ ತಿಂಡಿ ಮಾರುತ್ತಿದ್ದರು. ಒಂದು ಸಂಜೆ ಅವರ ಪಕ್ಕದಲ್ಲಿ ಮುಕ್ಕಾಲು ಗಂಟೆ ನಿಂತಿದ್ದೆ. ಇಟ್ಟಿದ್ದದ್ದು ಎರಡೇ ಬಗೆ. ಬಾಣಲೆ ದೊಡ್ಡದಾಗಿದ್ದರೂ ಒಂದು ಸಲಕ್ಕೆ ಹನ್ನೆರಡಕ್ಕಿಂತ ಹೆಚ್ಚು ಬಿಡುತ್ತಿರಲಿಲ್ಲ. ಯಾಕೆಂದು ಕೇಳಿದೆ. ಜಾಸ್ತಿ ಬಿಟ್ಟರೆ ಎಣ್ಣೆ ತಣ್ಣಗಾಗುತ್ತದೆ, ತಣ್ಣಗಾದರೆ ಹಿಟ್ಟು ಎಣ್ಣೆ ಕುಡಿಯುತ್ತದೆ ಎಂದರು. ಪ್ರತಿ ಸಲವೂ ಮೊದಲು ಕಡಲೆಕಾಳಿನಷ್ಟು ಹಿಟ್ಟನ್ನು ಎಣ್ಣೆಗೆ ಹಾಕಿ ತಲೆ ಒಂದಿಷ್ಟು ವಾಲಿಸುತ್ತಿದ್ದರು. ನೋಡುತ್ತಿರಲಿಲ್ಲ, ಕೇಳಿಸಿಕೊಳ್ಳುತ್ತಿದ್ದರು. ಸದ್ದು ಸರಿಯಾಗಿದ್ದರೆ ಮಾತ್ರ ಮುಂದಿನ ಹನ್ನೆರಡು. ಭುಜದ ಮೇಲೊಂದು ಬಟ್ಟೆ, ಸೊಂಟದಲ್ಲೊಂದು ಬಟ್ಟೆ. ಭುಜದ್ದು ಬೆವರಿಗೆ, ಸೊಂಟದ್ದು ಕೈಗೆ, ಮೂರನೆಯದೊಂದು ಹಲಗೆ ಒರೆಸಲು ಮೊಳೆಗೆ ನೇತಾಡುತ್ತಿತ್ತು. ಆ ಮುಕ್ಕಾಲು ಗಂಟೆಯಲ್ಲಿ ಒಮ್ಮೆಯೂ ಅದಲುಬದಲಾಗಲಿಲ್ಲ. ಹಣವನ್ನು ಅವರು ಮುಟ್ಟುತ್ತಲೇ ಇರಲಿಲ್ಲ. ಗಾಡಿಯ ತುದಿಯಲ್ಲೊಂದು ತಗಡಿನ ಡಬ್ಬಿ. ಗಿರಾಕಿಗಳೇ ಹಣ ಹಾಕಿ, ಚಿಲ್ಲರೆಯನ್ನೂ ತಾವೇ ತೆಗೆದುಕೊಳ್ಳುತ್ತಿದ್ದರು. ‘ಕೈಗವಸು ಕೊಡಿಸಲೇ?’ ಎಂದು ಕೇಳಿದ್ದಕ್ಕೆ, ‘ಅದನ್ನು ಹಾಕಿಕೊಂಡರೆ ಕೈ ಕೊಳೆಯಾದದ್ದು ಗೊತ್ತಾಗುವುದಿಲ್ಲ’ ಎಂದರು. ತರಬೇತಿ ಕೊಡಲು ಹೋದ ನಾನು ಅಂದು ಬರೆದುಕೊಂಡದ್ದೇ ಹೆಚ್ಚು. ಕೈಗವಸು ತೊಟ್ಟು ಅದರಲ್ಲೇ ನೋಟು ಎಣಿಸಿ, ಅದರಲ್ಲೇ ತಿಂಡಿ ಎತ್ತಿಕೊಡುವ ಕೈಗಿಂತ ಆಗಾಗ ಸೋಪಿನಲ್ಲಿ ತೊಳೆಯುವ ಬರಿಗೈ ಎಷ್ಟೋ ಲೇಸು ಎಂದು ಆಮೇಲೆ ಪ್ರತಿ ತರಗತಿಯಲ್ಲೂ ಹೇಳುತ್ತಾ ಬಂದಿದ್ದೇನೆ.

ಎರಡೇ ಬಗೆಯ ತಿಂಡಿ ಎಂಬುದನ್ನು ಗಮನಿಸಿ. ಇಬ್ಬರು ಮನುಷ್ಯರು, ಒಂದು ಒಲೆ, ಆದರೆ ಫಲಕದಲ್ಲಿ ಅರವತ್ತು ಹೆಸರು ಇದ್ದರೆ ಅಷ್ಟೂ ತಿಂಡಿಗೆ ಬೇಕಾದ ಪದಾರ್ಥ ಮೊದಲೇ ಬೆಂದು ಎಲ್ಲೋ ಕೂತಿದೆ ಎಂದೇ ತಿಳಿಯಬೇಕು. ಅದರಲ್ಲಿ ಹತ್ತು ದಿನವೂ ಖರ್ಚಾಗುತ್ತವೆ, ಉಳಿದ ಐವತ್ತು ಯಾರಾದರೂ ಕೇಳುವವರೆಗೆ ಕಾಯುತ್ತವೆ. ಎರಡೋ ಮೂರೋ ತಿಂಡಿ ಮಾಡಿ, ರಾತ್ರಿ ಒಂಬತ್ತಕ್ಕೆ ‘ಮುಗಿಯಿತು’ ಎಂದು ಕೈ ಜಾಡಿಸುವ ಗಾಡಿಯೇ ನನಗೆ ಇಷ್ಟ. ಆ ‘ಮುಗಿಯಿತು’ ಕೇಳಿ ಬೇಸರಪಡಬೇಡಿ, ಮರುದಿನ ಬೇಗ ಹೋಗಿ.

ಎಣ್ಣೆಯ ವಿಷಯದಲ್ಲಿ ಬಣ್ಣವೊಂದನ್ನೇ ನೋಡಿ ತೀರ್ಮಾನಿಸಬೇಡಿ. ಮಸಾಲೆ ಹಚ್ಚಿದ ಪದಾರ್ಥ ಕರಿದರೆ ಒಳ್ಳೆಯ ಎಣ್ಣೆಯೂ ಬೇಗ ಕಪ್ಪಾಗುತ್ತದೆ. ನೊರೆಯನ್ನು ನೋಡಿ. ಹೊಸ ಎಣ್ಣೆಗೆ ಹಿಟ್ಟು ಬಿಟ್ಟಾಗ ದೊಡ್ಡ ಗುಳ್ಳೆಗಳೆದ್ದು ಒಡೆದುಹೋಗುತ್ತವೆ. ಮತ್ತೆ ಮತ್ತೆ ಕಾಯಿಸಿದ ಎಣ್ಣೆಯಲ್ಲಿ ಸಣ್ಣ ನೊರೆ ಎದ್ದು ಮೇಲೆಯೇ ಹಾಸಿಕೊಳ್ಳುತ್ತದೆ, ತಿಂಡಿ ತೆಗೆದರೂ ಬೇಗ ಇಳಿಯುವುದಿಲ್ಲ. ಅಂಥ ಎಣ್ಣೆ ಸೌಟಿನಿಂದ ದಪ್ಪನಾಗಿ, ಜಿಗುಟಾಗಿ ಇಳಿಯುತ್ತದೆ. ಸ್ವಲ್ಪ ಬಿಸಿಗೇ ಹೊಗೆಯಾಡುತ್ತದೆ. ಎಣ್ಣೆ ಕಾದಷ್ಟೂ ಅದರ ಕೊಬ್ಬು ಒಡೆದು ‘ಪೋಲಾರ್’ ಎಂಬ ಗುಂಪಿನ ಸಂಯುಕ್ತಗಳು ಹೆಚ್ಚುತ್ತವೆ. ಅವು ಶೇಕಡ 25ರ ಆಸುಪಾಸು ತಲುಪಿದರೆ ಆ ಎಣ್ಣೆಯನ್ನು ಚೆಲ್ಲಬೇಕೆಂದು ಹಲವು ದೇಶಗಳ ನಿಯಮ ಹೇಳುತ್ತದೆ. ಇದನ್ನು ನಿಮ್ಮ ಮೂಗು ಚೆನ್ನಾಗಿ ಹಿಡಿಯುತ್ತದೆ. ಗಾಡಿಯ ಬಳಿ ಗಾಳಿ ಬೀಸುವ ಕಡೆ ನಿಂತು ಉಸಿರೆಳೆದುಕೊಳ್ಳಿ. ಕಮಟು ವಾಸನೆ ಬಂದರೆ, ಗಂಟಲಲ್ಲಿ ಕಿರಿಕಿರಿಯಾದರೆ, ಮುಂದೆ ನಡೆಯಿರಿ.

ನೀರಿನ ಬಗ್ಗೆ ಸ್ವಲ್ಪ ಹೆಚ್ಚೇ ಬರೆಯುತ್ತೇನೆ, ಯಾಕೆಂದರೆ ನಿಮ್ಮ ಹೊಟ್ಟೆ ಕೆಡಿಸಿದ್ದು ಬಹುಶಃ ಇದೇ ದಾರಿಯಿಂದ ಬಂದಿರಬಹುದು. ಬಿಸಿ ತಿಂಡಿಯನ್ನು ಬೆಂಕಿ ಕಾಯುತ್ತದೆ. ಅದರ ಜೊತೆಗೆ ಬರುವ ಚಟ್ನಿ, ಮೇಲೆ ಉದುರಿಸುವ ಹಸಿ ಈರುಳ್ಳಿ ಮತ್ತು ಸೊಪ್ಪು, ಪಾನೀಯಕ್ಕೆ ಹಾಕುವ ಐಸ್, ಮೊದಲೇ ಹೆಚ್ಚಿಟ್ಟ ಹಣ್ಣು, ಇವು ಯಾವುವೂ ಬೆಂಕಿ ಕಂಡಿರುವುದಿಲ್ಲ. ನಾನೂ ಒಮ್ಮೆ ಮೋಸ ಹೋದೆ. ತುಂಬಾ ಹೆಸರಾಗಿದ್ದ ಗಾಡಿಯೊಂದರಲ್ಲಿ ರಾತ್ರಿ ತಡವಾಗಿ ತಿಂದೆ. ತಿಂಡಿ ಕೊತಕೊತ ಬಿಸಿಯಿತ್ತು, ಎಣ್ಣೆ ತಿಳಿಯಾಗಿತ್ತು, ನಾನು ನೋಡಬೇಕಾದುದನ್ನೆಲ್ಲ ನೋಡಿದ್ದೆ. ಚಟ್ನಿಯ ಬಕೆಟ್ಟಿಗೆ ಹುಡುಗನೊಬ್ಬ ಚೊಂಬಿನಿಂದ ನೀರು ಬೆರೆಸಿ ಕಲಕಿದ್ದನ್ನೂ ನೋಡಿದೆ, ಆದರೆ ಅದರ ಅರ್ಥ ತಲೆಗೆ ಹೊಳೆಯಲಿಲ್ಲ. ಮೂರು ದಿನ ಹಾಸಿಗೆ ಹಿಡಿದೆ. ಅಂದಿನಿಂದ ಹೊಸ ಗಾಡಿಯಲ್ಲಿ ಮೊದಲ ಸಲ ಚಟ್ನಿಯಿಲ್ಲದೆಯೇ ತಿನ್ನುತ್ತೇನೆ. ಬರೀ ತಿಂಡಿಯೇ ರುಚಿಯಾಗಿದೆಯೋ ಇಲ್ಲವೋ ಎಂಬುದೂ ಆಗ ಸ್ಪಷ್ಟವಾಗಿ ತಿಳಿಯುತ್ತದೆ. ಸಪ್ಪೆ ತಿಂಡಿಯನ್ನು ಖಾರದ ಚಟ್ನಿಯಲ್ಲಿ ಮುಳುಗಿಸಿ ದಾಟಿಸುವ ಗಾಡಿಗಳು ಕಡಿಮೆಯೇನಿಲ್ಲ.

ತಟ್ಟೆ ತೊಳೆಯುವ ಕಡೆಗೂ ಒಮ್ಮೆ ಕಣ್ಣು ಹಾಯಿಸಿ. ಒಂದೇ ಬಕೆಟ್ಟಿನಲ್ಲಿ ಎಂಜಲು ತಟ್ಟೆಗಳನ್ನು ಅದ್ದಿ ತೆಗೆಯುತ್ತಿದ್ದರೆ ಅಲ್ಲಿ ತೊಳೆಯುವುದು ನಡೆದಿಲ್ಲ, ಎಂಜಲು ಹಂಚುವುದು ನಡೆದಿದೆ. ನಲ್ಲಿಯಿರುವ ಕ್ಯಾನಿನಿಂದ ಹರಿಯುವ ನೀರಿನಲ್ಲಿ ತೊಳೆಯುವವರು, ಎಲೆ ಅಥವಾ ಕಾಗದದ ತಟ್ಟೆ ಬಳಸುವವರು ಸಿಕ್ಕರೆ ಅಲ್ಲಿಗೆ ಹೋಗಿ. ಅಚ್ಚಾದ ಪತ್ರಿಕೆಯ ಮೇಲೆ ನೇರವಾಗಿ ಎಣ್ಣೆ ತಿಂಡಿ ಹಾಕಿಕೊಟ್ಟರೆ ಬೇಡವೆನ್ನಿ. ಶಾಯಿಯಲ್ಲಿರುವ ರಾಸಾಯನಿಕಗಳು ಬಿಸಿ ಎಣ್ಣೆಗೆ ಸುಲಭವಾಗಿ ಇಳಿಯುತ್ತವೆ. ಆದರೆ ಇದಕ್ಕೆಲ್ಲ ವ್ಯಾಪಾರಿಯನ್ನೇ ದೂರುವುದು ನ್ಯಾಯವಲ್ಲ. ಗಾಡಿ ನಿಂತ ಕಡೆ ನಲ್ಲಿಯಿಲ್ಲ, ಚರಂಡಿಯಿಲ್ಲ. ಹತ್ತು ಕೊಡ ನೀರನ್ನು ಹೊತ್ತು ತಂದು ಆರು ಗಂಟೆ ವ್ಯಾಪಾರ ಮಾಡುವವರಿಗೆ ಪ್ರತಿ ಚೊಂಬೂ ಲೆಕ್ಕವೇ. ಸಿಂಗಪುರ ನಗರ ಬೀದಿ ವ್ಯಾಪಾರಿಗಳನ್ನು ಓಡಿಸುವ ಬದಲು ನೀರು, ಚರಂಡಿ, ಕಸದ ವ್ಯವಸ್ಥೆಯಿದ್ದ ಕೇಂದ್ರಗಳನ್ನು ಕಟ್ಟಿ ಅವರನ್ನು ಅಲ್ಲಿ ಕೂರಿಸಿತು. ಅಡುಗೆ ಮಾಡುವ ಕೈಗಳು ಅವೇ, ಬದಲಾದದ್ದು ಕೈಗೆಟುಕಿದ ನೀರು. ಆ ಕೇಂದ್ರಗಳ ತಿಂಡಿ ಸಂಸ್ಕೃತಿಯನ್ನು 2020ರಲ್ಲಿ ಯುನೆಸ್ಕೋ ತನ್ನ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ನಿಮ್ಮ ನಗರದಲ್ಲಿಯೂ ನಲ್ಲಿಯ ಸೌಲಭ್ಯವಿರುವ ಗಾಡಿಗಳ ಸಾಲು ಎಲ್ಲಿದೆ ಎಂದು ಮೊದಲು ಪತ್ತೆ ಮಾಡಿ. ಅರ್ಧ ಕೆಲಸ ಅಲ್ಲಿಗೆ ಮುಗಿಯಿತು.

ಮೊಬೈಲಿನ ಸ್ಟಾರುಗಳ ಬಗ್ಗೆ ನಿಮಗೆ ಆದ ಅನುಭವ ಎಲ್ಲರದ್ದೂ ಹೌದು. ಅವನ್ನು ಬಿಟ್ಟೇಬಿಡಿ ಎನ್ನುವುದಿಲ್ಲ, ಓದುವ ಬಗೆ ಬದಲಿಸಿ. ಒಟ್ಟು ಸ್ಟಾರ್ ಎಷ್ಟೆಂಬುದನ್ನು ನೋಡದೆ ಇತ್ತೀಚಿನ ಎರಡು ಮೂರು ತಿಂಗಳ ಅಭಿಪ್ರಾಯಗಳನ್ನು ಮಾತ್ರ ತೆರೆಯಿರಿ. ಗಾಡಿ ಕೈ ಬದಲಾಗಿರಬಹುದು, ಜಾಗ ಬದಲಾಗಿರಬಹುದು. ‘ಅದ್ಭುತ’, ‘ಸೂಪರ್’ ಎಂಬ ಒಂದು ಪದದ ಹೊಗಳಿಕೆಗಳನ್ನು ದಾಟಿ, ಒಂದು ನಿರ್ದಿಷ್ಟ ತಿಂಡಿಯ ಹೆಸರನ್ನು ಬೇರೆ ಬೇರೆ ಜನ ಮತ್ತೆ ಮತ್ತೆ ಹೇಳಿದ್ದಾರೆಯೇ ಹುಡುಕಿ. ಗಿರಾಕಿಗಳು ತೆಗೆದ ಚಿತ್ರಗಳನ್ನು ದೊಡ್ಡದು ಮಾಡಿ ನೋಡಿ. ತಟ್ಟೆಗಿಂತ ತಟ್ಟೆಯ ಹಿಂದೆ ಇರುವ ಬಾಣಲೆ, ಬಕೆಟ್, ಒರೆಸುವ ಬಟ್ಟೆ ಹೆಚ್ಚು ಹೇಳುತ್ತವೆ.

ಜನರನ್ನು ಕೇಳುವುದು ಇದಕ್ಕಿಂತ ಉತ್ತಮ. ಆದರೆ ಕೇಳುವ ಪ್ರಶ್ನೆ ಸರಿಯಾಗಿರಬೇಕು. ‘ಇಲ್ಲಿ ತಿಂಡಿ ಎಲ್ಲಿ ಚೆನ್ನಾಗಿದೆ?’ ಎಂದು ಕೇಳಿದರೆ ಎಲ್ಲರೂ ಊರಿನಲ್ಲಿ ಹೆಸರಾದ ಜಾಗವನ್ನೇ ತೋರಿಸುತ್ತಾರೆ. ಹೊಸಬರಿಗೆ ದೊಡ್ಡ ಹೆಸರು ಹೇಳುವುದು ಅವರ ಮಟ್ಟಿಗೆ ಮರ್ಯಾದೆ. ‘ನಿನ್ನೆ ನೀವು ಎಲ್ಲಿ ತಿಂದಿರಿ?’ ಎಂದು ಕೇಳಿ ನೋಡಿ. ಉತ್ತರವೇ ಬೇರೆ ಬರುತ್ತದೆ. ಬಸ್ ಚಾಲಕರನ್ನು, ಅಂಚೆಯವರನ್ನು, ನಿಮ್ಮ ಕಚೇರಿಯ ಕಾವಲುಗಾರರನ್ನು ಕೇಳಿ. ಗಾಡಿಗಳಿಗೆ ತರಕಾರಿ, ಬ್ರೆಡ್ಡು, ಮೊಟ್ಟೆ ಹಾಕುವ ಅಂಗಡಿಯವರಿಗಂತೂ ಯಾರು ತಾಜಾ ಕೊಳ್ಳುತ್ತಾರೆ, ಯಾರು ಉಳಿದದ್ದನ್ನು ಚೌಕಾಸಿ ಮಾಡಿ ಒಯ್ಯುತ್ತಾರೆ ಎಂಬುದು ಅಂಗೈ ಗೆರೆಯಷ್ಟು ಸ್ಪಷ್ಟ. ಒಂದು ಒಳ್ಳೆಯ ಗಾಡಿ ಸಿಕ್ಕಿದ ಮೇಲೆ ಅದರ ಯಜಮಾನರನ್ನೇ ಕೇಳಿ: ನಿಮಗೆ ರಜೆಯಿದ್ದ ದಿನ ನೀವು ಯಾರ ಬಳಿ ತಿನ್ನುತ್ತೀರಿ? ನನಗೆ ತಿಳಿದಿರುವ ಅತ್ಯುತ್ತಮ ಗಾಡಿಗಳಲ್ಲಿ ಅರ್ಧದಷ್ಟು ಈ ಒಂದು ಪ್ರಶ್ನೆಯಿಂದಲೇ ಸಿಕ್ಕಿದವು.

ಫುಡ್ ಟ್ರಕ್ಕಿಗೆ ಬರೋಣ. ಗಾಡಿಗೂ ಟ್ರಕ್ಕಿಗೂ ಇರುವ ಮುಖ್ಯ ವ್ಯತ್ಯಾಸವೇ ನಿಮ್ಮನ್ನು ಖಾಲಿ ಜಾಗದ ಮುಂದೆ ನಿಲ್ಲಿಸಿದ್ದು. ತಳ್ಳುಗಾಡಿಗೆ ಒಂದು ಬೀದಿ, ಒಂದು ಮೂಲೆ ಎಂದು ನಿಗದಿ ಇರುತ್ತದೆ. ಟ್ರಕ್ಕು ಪರವಾನಗಿ ಸಿಕ್ಕ ಕಡೆ, ಜನ ಸೇರುವ ಕಡೆ ಹೋಗುತ್ತದೆ. 2008ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಬಾಣಸಿಗ ರಾಯ್ ಚೋಯ್ ಮತ್ತು ಸಂಗಡಿಗರು ತಮ್ಮ ‘ಕೋಗಿ’ ಟ್ರಕ್ಕು ಇಂದು ಎಲ್ಲಿ ನಿಲ್ಲುತ್ತದೆ ಎಂಬುದನ್ನು ಟ್ವಿಟರ್‌ನಲ್ಲಿ ಹಾಕತೊಡಗಿದಾಗ ಜನ ಅದನ್ನು ಹಿಂಬಾಲಿಸಿ ರಾತ್ರಿ ಸಾಲುಗಟ್ಟಿದರು. ಆಮೇಲೆ ಬಂದ ಟ್ರಕ್ಕುಗಳೂ ಇದೇ ದಾರಿ ಹಿಡಿದವು. ಹಾಗಾಗಿ ಬೇರೆಯವರು ಬರೆದ ‘ಅತ್ಯುತ್ತಮ ಹತ್ತು ಟ್ರಕ್ಕುಗಳು’ ಎಂಬ ಪಟ್ಟಿಯನ್ನೂ ನಕ್ಷೆಯಲ್ಲಿ ನೆಟ್ಟ ಗುರುತನ್ನೂ ನಂಬಿ ಹೊರಡಬೇಡಿ. ಟ್ರಕ್ಕಿನವರದ್ದೇ ಸಾಮಾಜಿಕ ಜಾಲತಾಣದ ಖಾತೆಯನ್ನು ಹಿಂಬಾಲಿಸಿ. ಅಂದಿನ ದಿನಾಂಕದ ಸೂಚನೆ ಇದ್ದರೆ ಮಾತ್ರ ಹೊರಡಿ, ಸಾಧ್ಯವಾದರೆ ಒಂದು ಫೋನ್ ಮಾಡಿ. ವಾರದ ಯಾವ ದಿನ ಯಾವ ಜಾಗ ಎಂಬ ಕ್ರಮ ಹೆಚ್ಚಿನ ಟ್ರಕ್ಕುಗಳಿಗೆ ಇರುತ್ತದೆ. ಒಮ್ಮೆ ಕೇಳಿ ಬರೆದಿಟ್ಟುಕೊಂಡರೆ ಮತ್ತೆ ಅಲೆಯಬೇಕಾಗಿಲ್ಲ.

ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಮಾತನ್ನು ಟ್ರಕ್ಕಿನ ಮುಂದೆ ನಿಂತಾಗ ನೆನಪಿಟ್ಟುಕೊಳ್ಳಿ. ಬಣ್ಣ, ದೀಪ, ಅಚ್ಚುಕಟ್ಟಾದ ಟೋಪಿ ಇವುಗಳಿಂದ ಟ್ರಕ್ಕು ತಾನಾಗಿಯೇ ಶುಚಿಯಾಗಿ ಕಾಣುತ್ತದೆ. ಒಳಗಿನ ಜಾಗ ತೀರಾ ಚಿಕ್ಕದು, ಆದ್ದರಿಂದ ಹೆಚ್ಚುವುದು, ಅರೆಯುವುದು, ನೆನೆಸುವುದು ಬಹುತೇಕ ಬೇರೊಂದು ಅಡುಗೆಮನೆಯಲ್ಲಿ ನಡೆದಿರುತ್ತದೆ. ಅದರಲ್ಲಿ ತಪ್ಪಿಲ್ಲ, ಅನೇಕ ನಗರಗಳಲ್ಲಿ ಕಾನೂನೇ ಹಾಗೆ ಬಯಸುತ್ತದೆ. ಅಲ್ಲಿಂದ ಇಲ್ಲಿಗೆ ತಣ್ಣಗಿಟ್ಟು ತಂದರೇ, ಬಂದ ಮೇಲೆ ಫ್ರಿಜ್ಜಿಗೆ ನಿಜವಾಗಿ ವಿದ್ಯುತ್ ಸಿಗುತ್ತಿದೆಯೇ ಎಂಬುದು ಮುಖ್ಯ. ಕಿಟಕಿಯಿಂದ ಒಳಗೆ ನೋಡಿ. ಕೈ ತೊಳೆಯಲು ಪ್ರತ್ಯೇಕ ತೊಟ್ಟಿ ಇದೆಯೇ, ಅದರಲ್ಲಿ ಪಾತ್ರೆ ತುಂಬಿಟ್ಟಿದ್ದಾರೆಯೇ? ಪಾತ್ರೆ ತುಂಬಿದ ತೊಟ್ಟಿಯಲ್ಲಿ ಯಾರೂ ಕೈ ತೊಳೆಯುವುದಿಲ್ಲ. ಪರವಾನಗಿ ಪತ್ರವನ್ನು ಕಾಣುವಂತೆ ತೂಗುಹಾಕಿದವರ ಬಗ್ಗೆ ನನಗೆ ಗೌರವ. ಇನ್ನೊಂದು ಮಾತು: ಜಾತ್ರೆ, ಮೇಳ, ಸಂಗೀತ ಕಾರ್ಯಕ್ರಮಗಳಲ್ಲಿ ಟ್ರಕ್ಕಿನ ರುಚಿಯನ್ನು ಅಳೆಯಬೇಡಿ. ದಿನಕ್ಕೆ ನೂರು ತಟ್ಟೆ ಮಾಡುವವರು ಅಂದು ಸಾವಿರ ಮಾಡುತ್ತಿರುತ್ತಾರೆ. ಸಾಧಾರಣ ದಿನದ ಮಧ್ಯಾಹ್ನ ಹೋದರೆ ಅವರ ಕೈಗುಣ ತಿಳಿಯುತ್ತದೆ.

ಹೊಸ ಜಾಗದಲ್ಲಿ ಮೊದಲ ದಿನ ಒಂದೇ ತಿಂಡಿ ತೆಗೆದುಕೊಳ್ಳಿ. ‘ಯಾವುದು ಚೆನ್ನಾಗಿದೆ?’ ಎನ್ನುವುದಕ್ಕಿಂತ ‘ಯಾವುದು ಬೇಗ ಖಾಲಿಯಾಗುತ್ತದೆ?’ ಎಂದು ಕೇಳಿ ಅದನ್ನೇ ಪಡೆಯಿರಿ. ಕಟ್ಟಿಸಿಕೊಂಡು ಮನೆಗೆ ಒಯ್ಯಬೇಡಿ. ಬೀದಿ ತಿಂಡಿಯ ಆಯಸ್ಸು ಐದು ನಿಮಿಷ, ಅಲ್ಲೇ ನಿಂತು ತಿನ್ನಬೇಕು. ಹೊಟ್ಟೆ ಕೆಟ್ಟರೆ ಕೊನೆಗೆ ತಿಂದ ಗಾಡಿಯ ಮೇಲೆ ತಟ್ಟನೆ ಗೂಬೆ ಕೂರಿಸಬೇಡಿ. ಸ್ಟೆಫಿಲೊಕಾಕಸ್ ಎಂಬ ಬ್ಯಾಕ್ಟೀರಿಯಾದ ವಿಷವಾದರೆ ಅರ್ಧ ಗಂಟೆಯಿಂದ ಎಂಟು ಗಂಟೆಯೊಳಗೆ ವಾಂತಿ ತರುತ್ತದೆ, ಸಾಲ್ಮೊನೆಲ್ಲಾ ಎಂಬ ಇನ್ನೊಂದು ಬ್ಯಾಕ್ಟೀರಿಯಾ ಆದರೆ ಆರು ಗಂಟೆಯಿಂದ ಆರು ದಿನದವರೆಗೂ ಹಿಡಿಯಬಹುದು. ನೀವು ಆ ರಾತ್ರಿ ಪಟ್ಟ ಪಾಡಿಗೆ ಹಿಂದಿನ ದಿನದ ಊಟವೂ ಕಾರಣವಾಗಿದ್ದಿರಬಹುದು. ಭೇದಿ ಶುರುವಾದರೆ ಓಆರ್‌ಎಸ್ ಕುಡಿಯಿರಿ. ರಕ್ತ ಕಂಡರೆ, ಜ್ವರ ಏರಿದರೆ, ನೀರು ಕುಡಿದದ್ದೂ ನಿಲ್ಲದಿದ್ದರೆ ತಡಮಾಡದೆ ವೈದ್ಯರ ಬಳಿ ಹೋಗಿ.

ನಿಮ್ಮ ತಾಯಿಯವರ ವಿಷಯ. ವಯಸ್ಸಾದಂತೆ ಹೊಟ್ಟೆಯ ಆಮ್ಲವೂ ರೋಗನಿರೋಧಕ ಶಕ್ತಿಯೂ ಕುಂದುತ್ತವೆ, ಆದ್ದರಿಂದ ನಿಮಗೆ ಒಂದು ದಿನದ ತೊಂದರೆಯಾಗುವುದು ಅವರಿಗೆ ಒಂದು ವಾರದ್ದಾಗಬಹುದು. ಹಾಗೆಂದು ಮನೆಯಲ್ಲೇ ಕೂರಿಸಬೇಡಿ. ಈ ಒಂದು ತಿಂಗಳಲ್ಲಿ ನಿಮ್ಮ ಕಚೇರಿ ಮತ್ತು ಮನೆಯ ನಡುವೆ ಮೂರೋ ನಾಲ್ಕೋ ಗಾಡಿಗಳನ್ನು ಆರಿಸಿ, ಪ್ರತಿಯೊಂದಕ್ಕೂ ಬೇರೆ ಬೇರೆ ದಿನ ಮೂರು ಸಲವಾದರೂ ಹೋಗಿ. ಮೂರೂ ಸಲ ಒಂದೇ ರುಚಿ, ಒಂದೇ ಶಿಸ್ತು ಕಂಡ ಗಾಡಿಗೆ ಮಾತ್ರ ಅವರನ್ನು ಕರೆದೊಯ್ಯಿರಿ. ಹಿಂದಿನ ದಿನವೇ ವ್ಯಾಪಾರಿಗೆ ಹೇಳಿಡಿ, ನಾಳೆ ಅಮ್ಮನನ್ನು ಕರೆತರುತ್ತೇನೆ ಎಂದು. ಎಷ್ಟೋ ಗಾಡಿಗಳವರು ಇಂಥ ಮಾತಿಗೆ ಕರಗಿ ಹೊಸ ಎಣ್ಣೆ ಇಟ್ಟು ಕಾಯುವುದನ್ನು ನಾನು ಕಂಡಿದ್ದೇನೆ. ಸಂಜೆ ವ್ಯಾಪಾರ ಶುರುವಾಗುತ್ತಲೇ ಹೋಗಿ, ಕುದಿಯುತ್ತಿರುವುದನ್ನೋ ಎದುರಿಗೇ ಕರಿದದ್ದನ್ನೋ ಕೊಡಿಸಿ, ಚಟ್ನಿ ಮತ್ತು ಐಸ್ ಬೇಡ, ನೀರು ಮನೆಯಿಂದಲೇ ಇರಲಿ. ಕೂರಲು ಒಂದು ಸ್ಟೂಲ್ ಇದೆಯೇ ಎಂದು ಮೊದಲೇ ನೋಡಿಟ್ಟುಕೊಳ್ಳಿ. ಇಲ್ಲದಿದ್ದರೆ ಕೇಳಿ, ಪಕ್ಕದ ಅಂಗಡಿಯಿಂದಾದರೂ ತಂದು ಹಾಕುತ್ತಾರೆ.